ವರದಿಗಳೆಲ್ಲ ಸರಿಯಾಗಿವೆ, ಹೊಟ್ಟೆಯ ಸಂಕಟ ಮಾತ್ರ ಹೋಗುತ್ತಿಲ್ಲ: ದಿನನಿತ್ಯದ ಒತ್ತಡ ಮತ್ತು ಹೆಣ್ಣುಮಕ್ಕಳ ಜೀರ್ಣಾಂಗ

ಮಾನ್ವಿಯ ಅಕ್ಕೋರು

ಈ ವಿಷಯವನ್ನು ಮನೆಯಲ್ಲಿ ಎತ್ತಿದರೆ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ವೈದ್ಯರೂ ಅನುಭವಿಗಳೂ ಇರುವ ಈ ವೇದಿಕೆಯಲ್ಲಿ ಕೇಳಿದರೆ ದಾರಿ ತೋರೀತು ಎಂದು ಬರೆಯುತ್ತಿದ್ದೇನೆ.

ನನ್ನ ಹಿರಿಯ ನೆಗೆಣ್ಣಿಗೆ ನಲವತ್ತು ದಾಟಿದೆ. ಎರಡು ತುತ್ತು ಉಣ್ಣುವಷ್ಟರಲ್ಲಿ ಅವರ ಹೊಟ್ಟೆ ಉಬ್ಬಿಕೊಳ್ಳುತ್ತದೆ, ಹುಳಿತೇಗು ಏಳುತ್ತದೆ. ಕೆಲವು ದಿನ ಮಲವಿಸರ್ಜನೆಯೇ ಆಗುವುದಿಲ್ಲ, ಆಮೇಲೆ ಒಂದೇ ದಿನ ಮೇಲಿಂದ ಮೇಲೆ ಹೋಗಬೇಕಾಗುತ್ತದೆ. ಮಾವನವರಿಗೆ ಲಕ್ವ ಹೊಡೆದು ಅವರ ಆರೈಕೆಯೆಲ್ಲ ಅಕ್ಕನ ಪಾಲಿಗೆ ಬಂದ ಮೇಲೆ ಇದು ಹೆಚ್ಚಾಯಿತು. ರಾಯಚೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವನ್ನೂ ಮಾಡಿಸಿದೆವು. ಎಲ್ಲವೂ ಸರಿಯಾಗಿದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಅಂದಿನಿಂದ ಮನೆಯಲ್ಲಿ 'ಅವಳಿಗೆ ಏನೂ ಇಲ್ಲವಂತೆ' ಎಂಬ ಮಾತು ಖಾಯಂ ಆಗಿಬಿಟ್ಟಿದೆ. ಈಗ ಅಕ್ಕ ನೋವು ಬಂದರೂ ಬಾಯಿ ಬಿಡುವುದಿಲ್ಲ. ಹಿತ್ತಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಕುಳಿತು ಎದ್ದು ಬರುತ್ತಾರೆ.

ನನ್ನ ಪ್ರಶ್ನೆಗಳು ಇವು. ಮನಸ್ಸಿನ ಭಾರ ನಿಜವಾಗಿಯೂ ಹೊಟ್ಟೆಯನ್ನು ಇಷ್ಟು ಕೆಡಿಸಬಲ್ಲದೇ? ನಮ್ಮ ಕಡೆ ಹೆಣ್ಣುಮಕ್ಕಳಲ್ಲಿಯೇ ಇದು ಇಷ್ಟೊಂದು ಕಾಣುವುದು ಏಕೆ? ಮಾವನವರನ್ನು ನೋಡಿಕೊಳ್ಳುವುದನ್ನು ಬಿಡಲು ಆಗದ, ಹೊಲದ ಕೆಲಸವನ್ನೂ ಬಿಡಲು ಆಗದ ಹೆಂಗಸಿಗೆ 'ಟೆನ್ಷನ್ ಕಡಿಮೆ ಮಾಡಿಕೊಳ್ಳಿ' ಎಂಬ ಸಲಹೆಯನ್ನು ಪಾಲಿಸುವ ಬಗೆ ಯಾವುದು?

ಬಳ್ಳಾರಿ ವೈದ್ಯೆ

ಅಕ್ಕೋರೇ, ನಾನು ಬಳ್ಳಾರಿಯಲ್ಲಿ ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡುವವಳು. ನಿಮ್ಮ ನೆಗೆಣ್ಣಿಯವರನ್ನು ಕಣ್ಣಾರೆ ನೋಡದೆ ಅವರಿಗೆ ಇಂಥದ್ದೇ ಕಾಯಿಲೆ ಎಂದು ಹೇಳುವುದು ಸರಿಯಲ್ಲ. ಆದರೆ 'ಏನೂ ಇಲ್ಲ' ಎಂಬ ಮಾತು ತಪ್ಪು ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ.

ಎಂಡೋಸ್ಕೋಪಿಯಲ್ಲಿ ಅನ್ನನಾಳ ಮತ್ತು ಜಠರದ ಒಳಪದರದಲ್ಲಿ ಹುಣ್ಣು, ಉರಿಯೂತ ಅಥವಾ ಗಂಟು ಇದೆಯೇ ಎಂಬುದು ಕಾಣುತ್ತದೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು, ಯಕೃತ್ತು, ಗರ್ಭಕೋಶ, ಅಂಡಾಶಯಗಳ ತೊಂದರೆ ಕಾಣುತ್ತದೆ. ಆದರೆ ಊಟ ಬಿದ್ದಾಗ ಜಠರ ಎಷ್ಟು ಸಡಿಲವಾಗಿ ಜಾಗ ಮಾಡಿಕೊಡುತ್ತಿದೆ, ಕರುಳು ಯಾವ ವೇಗದಲ್ಲಿ ಆಹಾರವನ್ನು ಮುಂದೆ ನೂಕುತ್ತಿದೆ, ಅಲ್ಲಿಂದ ಮಿದುಳಿಗೆ ಹೋಗುವ ಸುದ್ದಿ ಎಷ್ಟು ತೀವ್ರವಾಗಿದೆ ಎಂಬುದನ್ನು ಈ ಎರಡೂ ಪರೀಕ್ಷೆಗಳು ತೋರಿಸುವುದಿಲ್ಲ. ರಚನೆಯಲ್ಲಿ ದೋಷವಿಲ್ಲದೆ ನಡೆಯಲ್ಲಿ ದೋಷವಿರುವ ಈ ಕಾಯಿಲೆಗಳಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಗುರುತಿಸುವ ಲಕ್ಷಣಗಳಿವೆ, ಚಿಕಿತ್ಸೆಯೂ ಇದೆ. ಮೇಲುಹೊಟ್ಟೆಯ ತೊಂದರೆಯನ್ನು ಫಂಕ್ಷನಲ್ ಡಿಸ್ಪೆಪ್ಸಿಯಾ ಎಂದೂ, ನೋವಿನೊಂದಿಗೆ ಮಲದ ರೀತಿ ಬದಲಾಗುವುದನ್ನು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದೂ ಕರೆಯುತ್ತೇವೆ. ಇಂಥ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಪ್ರಕಟವಾದ ರೋಮ್ ಮಾನದಂಡಗಳ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬರುತ್ತಿದ್ದು, ಆ ನೋವಿಗೆ ಮಲವಿಸರ್ಜನೆಯ ಜೊತೆ, ಅದರ ಸರದಿಯ ಜೊತೆ ಅಥವಾ ಮಲದ ಸ್ವರೂಪದ ಜೊತೆ ಈ ಮೂರರಲ್ಲಿ ಎರಡು ಬಗೆಯ ಸಂಬಂಧವಿದ್ದರೆ, ಮತ್ತು ತೊಂದರೆ ಆರಂಭವಾಗಿ 6 ತಿಂಗಳಾದರೂ ಕಳೆದಿದ್ದರೆ, ಐಬಿಎಸ್ ಎಂದು ಪರಿಗಣಿಸುತ್ತೇವೆ. ಅಂದರೆ ಇದು ಲಕ್ಷಣಗಳನ್ನು ಕೇಳಿ ತಿಳಿಯಬೇಕಾದ ಕಾಯಿಲೆ; ಹೇಳುವವಳ ಬಾಯಿ ಮುಚ್ಚಿಸಿದರೆ ರೋಗ ಪತ್ತೆಯಾಗುವ ದಾರಿಯೇ ಮುಚ್ಚುತ್ತದೆ.

ಮನಸ್ಸಿನ ಭಾರ ಹೊಟ್ಟೆಗೆ ಇಳಿಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯವರಿಗೆ ಇದನ್ನೇ ಓದಿ ಹೇಳಬಹುದು. ಜೀರ್ಣನಾಳದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ತಂತುಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೆ, ಅಂದರೆ ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ದೇಹದ ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು ಶೇ. 90ರಷ್ಟು ಇರುವುದು ಕರುಳಿನಲ್ಲಿಯೇ. ಭಯ, ಕೋಪ, ಅವಮಾನ, ದಣಿವು ಬಂದಾಗ ಮಿದುಳು ಬಿಡುಗಡೆ ಮಾಡುವ ಸಿಆರ್‌ಎಫ್ ಎಂಬ ಅಂಶವು ಒಂದು ಕಡೆ ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಇನ್ನೊಂದು ಕಡೆ ದೊಡ್ಡಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಎರಡು ತುತ್ತಿಗೇ ಹೊಟ್ಟೆ ಉಬ್ಬುವುದೂ ಅದೇ ದಿನ ಮೇಲಿಂದ ಮೇಲೆ ಶೌಚಕ್ಕೆ ಓಡುವುದೂ ಒಬ್ಬಳಲ್ಲಿಯೇ ಕಾಣಿಸುವುದಕ್ಕೆ ಇದು ಒಂದು ಕಾರಣ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1890ರ ದಶಕದ ಕೊನೆಯಲ್ಲಿಯೇ, ಆಗಷ್ಟೇ ಬಂದಿದ್ದ ಎಕ್ಸ್-ರೇ ಕಿರಣಗಳಿಂದ ಬೆಕ್ಕುಗಳ ಹೊಟ್ಟೆಯನ್ನು ನೋಡುತ್ತ, ಬೆಕ್ಕು ಗಾಬರಿಗೊಂಡ ಕೂಡಲೇ ಜಠರದ ಅಲೆಗಳು ನಿಂತುಹೋಗುವುದನ್ನು ದಾಖಲಿಸಿದ್ದರು. ಬೆಕ್ಕು ನಟಿಸುವುದಿಲ್ಲವಲ್ಲ.

ಗಾಬರಿ ಒಮ್ಮೆ ಬಂದು ಹೋದರೆ ಹೊಟ್ಟೆ ತಾನೇ ಸರಿಹೋಗುತ್ತದೆ. ತಿಂಗಳುಗಟ್ಟಲೆ ಅದು ಇಳಿಯದಿದ್ದರೆ ಕರುಳಿನ ನರಗಳು ಸೂಕ್ಷ್ಮವಾಗುತ್ತವೆ. ಎಲ್ಲರ ಕರುಳಿನಲ್ಲಿಯೂ ಇರುವಷ್ಟೇ ಗಾಳಿ ಅವರಿಗೆ ನೋವಾಗಿ ತಿಳಿಯುತ್ತದೆ. ಆ ನೋವು ಮತ್ತೆ ಚಿಂತೆಯನ್ನು ಹೆಚ್ಚಿಸುತ್ತದೆ.

ಹೆಣ್ಣುಮಕ್ಕಳಲ್ಲಿ ಏಕೆ ಹೆಚ್ಚು ಎಂಬುದಕ್ಕೆ ದೇಹದ ಕಾರಣಗಳೂ ಇವೆ. ಮುಟ್ಟಿಗೆ ಮುಂಚಿನ ಎರಡು ವಾರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿರುವಾಗ ಕರುಳು ನಿಧಾನವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಮುಟ್ಟು ಆರಂಭವಾದಾಗ ಗರ್ಭಕೋಶದಲ್ಲಿ ಉಂಟಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಪಕ್ಕದ ಕರುಳನ್ನೂ ಹಿಂಡಿ ಭೇದಿ ತರಿಸುತ್ತವೆ. ಕಷ್ಟದ ಹೆರಿಗೆಯಲ್ಲಿ ಶ್ರೋಣಿಯ ಸ್ನಾಯುಗಳಿಗೆ ಪೆಟ್ಟಾದರೆ ಮಲವಿಸರ್ಜನೆ ಕಷ್ಟವಾಗುತ್ತದೆ. ಆದರೆ ಹಾರ್ಮೋನುಗಳಿಗಿಂತ ಹೆಣ್ಣುಮಕ್ಕಳ ದಿನಚರಿಯೇ ನನ್ನ ಕೋಣೆಯಲ್ಲಿ ಹೆಚ್ಚು ಮಾತಾಡುತ್ತದೆ. ಬೆಳಿಗ್ಗೆ ಎದ್ದಾಗ ಮತ್ತು ಮೊದಲ ಆಹಾರ ಹೊಟ್ಟೆಗೆ ಬಿದ್ದಾಗ ದೊಡ್ಡಕರುಳು ತಾನಾಗಿಯೇ ಬಲವಾಗಿ ಮಿಡಿಯುತ್ತದೆ. ಶೌಚಕ್ಕೆ ಪ್ರಕೃತಿ ಕೊಟ್ಟ ಹೊತ್ತು ಅದು. ಅದೇ ಹೊತ್ತಿಗೆ ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ, ನಳದ ನೀರು ಬಂದಿರುತ್ತದೆ, ಮಕ್ಕಳ ಶಾಲೆಯ ವಾಹನ ಬಂದು ನಿಂತಿರುತ್ತದೆ. ಒತ್ತಡ ಬಂದರೂ ತಡೆದುಕೊಳ್ಳುತ್ತಾಳೆ. ಹೀಗೆ ವರ್ಷಗಟ್ಟಲೆ ತಡೆದರೆ ಗುದನಾಳವು ಸೂಚನೆ ಕೊಡುವುದನ್ನೇ ಕಡಿಮೆ ಮಾಡುತ್ತದೆ.

ಸಿಂಧನೂರು ಔಷಧ ಅಂಗಡಿ

ಡಾಕ್ಟರಮ್ಮನವರ ವಿವರಣೆಗೆ ಧನ್ಯವಾದಗಳು. ಆದರೂ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಎಲ್ಲವನ್ನೂ ಟೆನ್ಷನ್ ಖಾತೆಗೆ ಬರೆಯುವ ಅಪಾಯ ನಮ್ಮ ಭಾಗದಲ್ಲಿ ಈಗಾಗಲೇ ಸಾಕಷ್ಟಿದೆ.

ಭತ್ತದ ನಾಟಿಯ ಕಾಲದಲ್ಲಿಯೂ ಹತ್ತಿ ಬಿಡಿಸುವ ಕಾಲದಲ್ಲಿಯೂ ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳು ಎರಡು ಗುಳಿಗೆಗಳನ್ನು ಒಟ್ಟಿಗೆ ಕೇಳುತ್ತಾರೆ: ಸೊಂಟನೋವಿಗೆ ಒಂದು, ಗ್ಯಾಸಿಗೆ ಒಂದು. ಸೊಂಟನೋವಿಗೆ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ಗುಳಿಗೆಗಳು ಜಠರದ ರಕ್ಷಣಾ ಪದರವನ್ನು ದುರ್ಬಲಗೊಳಿಸಿ ಹುಣ್ಣು ಮಾಡಬಲ್ಲವು. ಗ್ಯಾಸಿನ ಗುಳಿಗೆ ಆ ಉರಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಅಲ್ಲಿಗೆ ನಿಜವಾದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗೆಯೇ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಮರೆಯಬಾರದು. ಹೊಟ್ಟೆಹುಣ್ಣು ಚಿಂತೆಯಿಂದ, ಖಾರದಿಂದ ಬರುತ್ತದೆ ಎಂದು ವೈದ್ಯಲೋಕವೇ ಬಹುಕಾಲ ನಂಬಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅದಿದ್ದರೆ ವೈದ್ಯರು ಬರೆದಷ್ಟು ದಿನ ಆ್ಯಂಟಿಬಯಾಟಿಕ್ ಚಿಕಿತ್ಸೆಯನ್ನು ಪೂರ್ತಿ ಮಾಡಬೇಕೇ ಹೊರತು ಧ್ಯಾನದಿಂದ ಅದು ಹೋಗುವುದಿಲ್ಲ. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆಯಿಂದಲೂ ಮಲ ಗಟ್ಟಿಯಾಗುತ್ತದೆ, ಥೈರಾಯ್ಡ್ ಕುಂದಿದರೂ ಗಟ್ಟಿಯಾಗುತ್ತದೆ. ಇವನ್ನೆಲ್ಲ ನೋಡದೆ ಒಬ್ಬ ಹೆಣ್ಣುಮಗಳಿಗೆ 'ನೀನು ಬಹಳ ಯೋಚನೆ ಮಾಡುತ್ತೀಯಮ್ಮ' ಎಂದು ಹೇಳಿಬಿಡುವುದು ಅನ್ಯಾಯ.

ಬಳ್ಳಾರಿ ವೈದ್ಯೆ

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಅಣ್ಣಾ. ಪೈಲೋರಿಯ ಪರೀಕ್ಷೆ ಮಾಡಿದ್ದಾರೆಯೇ ಎಂದು ಅಕ್ಕೋರು ಎಂಡೋಸ್ಕೋಪಿ ವರದಿಯಲ್ಲಿ ನೋಡಬೇಕು. ಮಾಡಿರದಿದ್ದರೆ ಮಲದ ಪರೀಕ್ಷೆಯಿಂದಲೂ ತಿಳಿಯಬಹುದು, ಆದರೆ ಗ್ಯಾಸಿನ ಗುಳಿಗೆಯನ್ನು ವೈದ್ಯರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಫಲಿತಾಂಶ ತಪ್ಪಾಗಿ ಬರಬಹುದು.

ಸೋಂಕು ಮತ್ತು ಒತ್ತಡ ಬೇರೆಬೇರೆ ದಾರಿಗಳಲ್ಲ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. 2000ದಲ್ಲಿ ಕೆನಡಾದ ವಾಕರ್‌ಟನ್ ಎಂಬ ಪಟ್ಟಣದಲ್ಲಿ ಕುಡಿಯುವ ನೀರು ಕಲುಷಿತವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ವಾಂತಿಭೇದಿಗೆ ಸಿಲುಕಿದರು, 7 ಜನ ಸತ್ತರು. ಆ ಊರಿನವರನ್ನು ವರ್ಷಗಳವರೆಗೆ ಗಮನಿಸಿದಾಗ, ಸೋಂಕು ವಾಸಿಯಾದ ಮೇಲೂ ಅನೇಕರಲ್ಲಿ ಐಬಿಎಸ್ ಉಳಿದದ್ದು ಕಂಡಿತು. ಹೆಂಗಸರಲ್ಲಿ ಮತ್ತು ಮೊದಲೇ ಆತಂಕ, ಖಿನ್ನತೆ ಇದ್ದವರಲ್ಲಿ ಅದು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಜೋರಾದ ಕರುಳಿನ ಸೋಂಕಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬುದು ಈಗ ಒಪ್ಪಿತವಾದ ಮಾತು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಜನ ಸತ್ತದ್ದನ್ನು ನಾವು ಕಂಡವರು. ಅಂಥ ವಾಂತಿಭೇದಿಯ ನಂತರ 'ಅಂದಿನಿಂದ ಹೊಟ್ಟೆ ಮೊದಲಿನಂತಿಲ್ಲ' ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕು.

ಹೊಲಿಗೆ ಘಟಕದ ಅಕ್ಕ, ಬಳ್ಳಾರಿ

ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಮೊದಲು ಹೊಲಿಯುತ್ತಿದ್ದೆ, ಈಗ ಮೇಲ್ವಿಚಾರಣೆ ನೋಡುತ್ತೇನೆ. 'ತಡೆದುಕೊಳ್ಳುತ್ತಾಳೆ' ಎಂದು ಡಾಕ್ಟರಮ್ಮನವರು ಬರೆದದ್ದನ್ನು ಓದಿ, ನಮ್ಮಲ್ಲಿ ನಡೆಯುವುದನ್ನು ಹೇಳಬೇಕೆನಿಸಿತು.

ಪೀಸ್ ಲೆಕ್ಕದಲ್ಲಿ ಕೂಲಿ ಸಿಗುವಾಗ ಎದ್ದು ಹೋದ ಹೊತ್ತೆಲ್ಲ ನಷ್ಟವೇ. ಸಣ್ಣ ಘಟಕಗಳಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇರುವುದಿಲ್ಲ, ಇದ್ದರೂ ಬಾಗಿಲಿಗೆ ಚಿಲಕವಿರುವುದಿಲ್ಲ. ಆದ್ದರಿಂದ ಹುಡುಗಿಯರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ, ನೀರಿಲ್ಲದೆ ಸಂಜೆಯವರೆಗೆ ಕುಳಿತುಕೊಳ್ಳುತ್ತಾರೆ. ಹಸಿವಾದರೆ ಚಹಾ, ತಲೆನೋವು ಬಂದರೆ ಗುಳಿಗೆ ಮತ್ತು ಇನ್ನೊಂದು ಚಹಾ. ಇವರೆಲ್ಲರಿಗೂ ಹೊಟ್ಟೆ ಗಟ್ಟಿ, ಉರಿಮೂತ್ರ, ಕೆಲವರಿಗೆ ಮೂಲವ್ಯಾಧಿ. ಇದಕ್ಕೆ ಒಬ್ಬ ಹುಡುಗಿಯ ಮನಸ್ಸನ್ನು ದೂರಿದರೆ ಏನು ಪ್ರಯೋಜನ? ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾನೂನು ಹೇಳುತ್ತದೆ; ಆದರೆ ಆ ಕಾನೂನಿನ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಜನರನ್ನು ಇಟ್ಟುಕೊಂಡು ನಡೆಯುವ ಘಟಕಗಳೂ ಇವೆ.

ನಮ್ಮ ಘಟಕದಲ್ಲಿ ನಾವು ಕೇಳಿದ್ದು ಎರಡೇ: ಶೌಚಾಲಯಕ್ಕೆ ಚಿಲಕ, ಮತ್ತು ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ಎಲ್ಲರೂ ಒಟ್ಟಿಗೆ ಏಳುವ ವಿರಾಮ. ಒಬ್ಬಳೇ ಎದ್ದರೆ ನೂರು ಕಣ್ಣು ಬೀಳುತ್ತವೆ, ಎಲ್ಲರೂ ಎದ್ದರೆ ನಾಚಿಕೆಯಿರುವುದಿಲ್ಲ. ಯಜಮಾನರು ಒಪ್ಪಿದರು. ನೀರಿನ ಕ್ಯಾನ್ ಈಗ ಸಂಜೆಗೆ ಖಾಲಿಯಾಗುತ್ತದೆ, ಮೊದಲು ಹಾಗೆಯೇ ಉಳಿಯುತ್ತಿತ್ತು.

ಕುಷ್ಟಗಿ ಸಂಘದ ಪ್ರತಿನಿಧಿ

ನಮ್ಮ ಓಣಿಯಲ್ಲಿ ಸಾಲದ ಕಂತಿನ ದಿನ ಯಾರ ಮನೆಯಲ್ಲಿ ಹೊಟ್ಟೆ ಕೆಡುತ್ತದೆ ಎಂದು ನಾನು ಹೇಳಬಲ್ಲೆ. ಕಂತು ಕಟ್ಟಲು ಹಣ ಹೊಂದಿಸಲಾಗದ ವಾರ ಆ ಹೆಣ್ಣುಮಗಳು ಹಿಂದಿನ ರಾತ್ರಿಯಿಂದಲೇ ಉಣ್ಣುವುದಿಲ್ಲ, ಬೆಳಿಗ್ಗೆ ಹೊಟ್ಟೆ ತೊಳೆಸುತ್ತದೆ ಎನ್ನುತ್ತಾಳೆ. ಅವಳ ಬದಲು ಗುಂಪಿನ ಉಳಿದವರು ಕಟ್ಟಬೇಕಾದಾಗ ಬೀಳುವ ಮಾತುಗಳು ಸಾಲಕ್ಕಿಂತ ಭಾರ. ಗಂಡಂದಿರ ಹೆಸರಿನಲ್ಲಿ ಸಾಲ ಸಿಗುವುದಿಲ್ಲವಾದ್ದರಿಂದ ಹೆಂಡತಿಯ ಹೆಸರಿನಲ್ಲಿ ತೆಗೆದು, ತೀರಿಸುವ ಚಿಂತೆಯನ್ನು ಅವಳಿಗೇ ಬಿಟ್ಟ ಮನೆಗಳು ಬಹಳ.

ಕಿರುಸಾಲ ವಸೂಲಿಗೆ ಬಲವಂತ, ಬೆದರಿಕೆ, ಅವಮಾನ ಮಾಡುವುದನ್ನು ಶಿಕ್ಷಾರ್ಹ ಅಪರಾಧವೆಂದು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಇದನ್ನು ಹೆಣ್ಣುಮಕ್ಕಳಿಗೆ ಓದಿ ಹೇಳಿದಾಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ಯಾವ ಗುಳಿಗೆಯೂ ಕೊಟ್ಟಿರಲಾರದು. ಒತ್ತಡ ಕಡಿಮೆ ಮಾಡುವುದು ಎಂದರೆ ಉಸಿರಾಟದ ವ್ಯಾಯಾಮ ಮಾತ್ರವಲ್ಲ. ಸಾಲದ ಪುಸ್ತಕವನ್ನು ಗಂಡನ ಮುಂದೆ ತೆರೆದಿಟ್ಟು ಇಬ್ಬರೂ ಕುಳಿತು ಲೆಕ್ಕ ಹಾಕುವುದೂ ಹೌದು.

ಗಂಗಾವತಿ ರೈತ

ಗಂಡಸಾಗಿ ಇಲ್ಲಿ ಬರೆಯಬಹುದೇ ಎಂದು ಯೋಚಿಸಿದೆ, ಆದರೆ ಈ ಚರ್ಚೆಯನ್ನು ಗಂಡಸರೇ ಹೆಚ್ಚು ಓದಬೇಕಾಗಿದೆ ಎನಿಸಿತು. ನನ್ನ ಹೆಂಡತಿಗೂ ಇದೇ ತೊಂದರೆ. ವೈದ್ಯರು ಅಮಿಟ್ರಿಪ್ಟಿಲೀನ್ ಎಂಬ ಗುಳಿಗೆಯನ್ನು ರಾತ್ರಿ ಒಂದರಂತೆ ಬರೆದಿದ್ದಾರೆ. ಅದು ಖಿನ್ನತೆಯ ಗುಳಿಗೆ ಎಂದು ಪರಿಚಯದವರೊಬ್ಬರು ಹೇಳಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಅಳುಕು. 'ನನಗೇನು ಹುಚ್ಚೇ' ಎಂದು ಅವಳು ಕೇಳುತ್ತಿದ್ದಾಳೆ. ಎರಡನೆಯದಾಗಿ, ಊಟದಲ್ಲಿ ಏನು ಬದಲಾಯಿಸಬೇಕು? ಕೆಂಪು ಖಾರದ ಚಟ್ನಿ, ಮಿರ್ಚಿ ಇಲ್ಲದೆ ನಮ್ಮ ಕಡೆ ಊಟವೇ ಇಲ್ಲ.

ಬಳ್ಳಾರಿ ವೈದ್ಯೆ

ತಮ್ಮಾ, ನೀವು ಬರೆದದ್ದು ಒಳ್ಳೆಯದಾಯಿತು. ಆ ಗುಳಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಖಿನ್ನತೆಗೆ ಕೊಡುತ್ತಾರೆ ನಿಜ. ಆದರೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿ ಆರಂಭಿಸಿದಾಗ ಅದರ ಕೆಲಸ ಬೇರೆ: ಕರುಳಿನಿಂದ ಮಿದುಳಿಗೆ ಏರುವ ನೋವಿನ ಸುದ್ದಿಯನ್ನು ಅದು ತಗ್ಗಿಸುತ್ತದೆ. ಅದರ ಫಲ ತಿಳಿಯಲು ಕೆಲವು ವಾರ ಬೇಕು. ಬಾಯಿ ಒಣಗುವುದು, ಮಂಪರು, ಮಲಬದ್ಧತೆ ಬರಬಹುದು. ಬಂದರೆ ವೈದ್ಯರಿಗೆ ತಿಳಿಸಬೇಕೇ ಹೊರತು ತಾವೇ ನಿಲ್ಲಿಸಬಾರದು. ಹೃದಯದ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ ಅಥವಾ ಬಸುರಿಯಾಗಿದ್ದರೆ ಮೊದಲೇ ಹೇಳಬೇಕು. ನಿಮ್ಮ ಮನೆಯವರಿಗೆ ಹುಚ್ಚೂ ಇಲ್ಲ, ಅವರ ನೋವು ಕಲ್ಪನೆಯೂ ಅಲ್ಲ. ಒಂದು ವೇಳೆ ಖಿನ್ನತೆಯೇ ಇದ್ದರೂ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಊಟ ಮೂಲತಃ ಒಳ್ಳೆಯದು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ ಇವುಗಳನ್ನು ಬಿಡಿಸಿ ಬಿಸ್ಕತ್ತು, ಬ್ರೆಡ್ಡು ತಿನ್ನಿಸುವ ಪಥ್ಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಖಾರದಿಂದ ಹುಣ್ಣಾಗುವುದಿಲ್ಲ, ಆದರೆ ಸೂಕ್ಷ್ಮವಾದ ಕರುಳಿಗೆ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ನೋವು ಕೊಡುತ್ತದೆ. ಖಾರವನ್ನು ಅರ್ಧಕ್ಕೆ ಇಳಿಸಿ ಶೇಂಗಾ ಚಟ್ನಿ, ಅಗಸೆ ಚಟ್ನಿಯ ಕಡೆಗೆ ತಿರುಗಬಹುದು. ಸಂಜೆಯ ಒಗ್ಗರಣೆ ಮಂಡಕ್ಕಿಯ ಜೊತೆಗಿನ ಮಿರ್ಚಿಯಲ್ಲಿ ಖಾರಕ್ಕಿಂತ ಎಣ್ಣೆಯೇ ಹೆಚ್ಚು ತೊಂದರೆ ಮಾಡುತ್ತದೆ, ಏಕೆಂದರೆ ಕೊಬ್ಬು ಜಠರವನ್ನು ನಿಧಾನಗೊಳಿಸುತ್ತದೆ. ಹಾಲು ಕುಡಿದರೆ ಉಬ್ಬರ ಬರುವವರಿಗೆ ಮೊಸರು, ಮಜ್ಜಿಗೆ ಹಿಡಿಸುತ್ತದೆ. ಮಲ ಗಟ್ಟಿಯಿದ್ದರೆ ಇಸಬಗೋಲ್ ಅನ್ನು ಸ್ವಲ್ಪದಿಂದ ಆರಂಭಿಸಿ, ಧಾರಾಳ ನೀರಿನೊಂದಿಗೆ ತೆಗೆದುಕೊಳ್ಳಬೇಕು. ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ.

ಆದರೆ ಏನು ಉಣ್ಣಬೇಕು ಎಂಬುದಕ್ಕಿಂತ ಅವರು ಯಾವಾಗ ಉಣ್ಣುತ್ತಾರೆ ಎಂದು ನಿಮ್ಮನ್ನು ಕೇಳಬೇಕೆನಿಸುತ್ತದೆ. ಎಲ್ಲರದೂ ಮುಗಿದ ಮೇಲೆ, ರಾತ್ರಿ ಹತ್ತೂವರೆಗೆ, ಉಳಿದದ್ದನ್ನೆಲ್ಲ ಒಟ್ಟು ಮಾಡಿ ಉಂಡು, ಪಾತ್ರೆ ತಿಕ್ಕಿ ಮಲಗಿಬಿಟ್ಟರೆ ಎದೆಯುರಿ ಬರಲೇಬೇಕು. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಇರಬೇಕು, ಎಡಮಗ್ಗುಲಿಗೆ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ. ನೀವು ಉಣ್ಣುವಾಗಲೇ ಅವರೂ ತಟ್ಟೆ ಹಾಕಿಕೊಂಡು ಕೂರುವಂತೆ ಮಾಡಿದರೆ ನನ್ನ ಅರ್ಧ ಚಿಕಿತ್ಸೆಯನ್ನು ನೀವೇ ಮಾಡಿದಂತಾಗುತ್ತದೆ. ಬೆಳಿಗ್ಗೆ ಚಹಾ ಕುಡಿದ ನಂತರ ಕಾಲು ಗಂಟೆ ಯಾರೂ ಅವರನ್ನು ಕರೆಯಬಾರದು.

ಲಿಂಗಸುಗೂರು ಹಿರಿಯರು

ನಮ್ಮ ಕಾಲದ ಹೆಂಗಸರು ಗಟ್ಟಿಯಾಗಿದ್ದರು, ಇಂಥ ಕಾಯಿಲೆಗಳಿರಲಿಲ್ಲ ಎಂದು ಯಾರಾದರೂ ಬರೆಯುವ ಮೊದಲೇ ನಾನು ಹೇಳಿಬಿಡುತ್ತೇನೆ. ಇದ್ದವು, ತಂಗಿಯರೇ. ನಮ್ಮ ಅತ್ತೆಯವರಿಗೆ ಜೀವನಪೂರ್ತಿ ಇತ್ತು. ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳು ಜಾರಿದೆ ಎಂದು ಹೊಟ್ಟೆ ತಿಕ್ಕಿಸುತ್ತಿದ್ದರು, ದೃಷ್ಟಿ ತೆಗೆಸುತ್ತಿದ್ದರು, ಸೋಮವಾರ ಶುಕ್ರವಾರ ಉಪವಾಸ ಹಿಡಿಯುತ್ತಿದ್ದರು. ಹೊಟ್ಟೆ ತಿಕ್ಕಿದಾಗ ಅವರಿಗೆ ಹಿತವೆನಿಸುತ್ತಿದ್ದುದು ನಿಜ. ಆ ಅರ್ಧ ಗಂಟೆ ಅವರು ಮಲಗಿರುತ್ತಿದ್ದರು ಮತ್ತು ಇನ್ನೊಬ್ಬ ಹೆಂಗಸು ಅವರ ಮಾತು ಕೇಳುತ್ತಿದ್ದಳು. ದಿನದಲ್ಲಿ ಬೇರೆ ಯಾವಾಗಲೂ ಅವರಿಗೆ ಅದು ಸಿಗುತ್ತಿರಲಿಲ್ಲ. ಈಗ ಬಟ್ಟಿ ತಿಕ್ಕುವವರೂ ಕಡಿಮೆ, ಮಾತು ಕೇಳುವವರೂ ಕಡಿಮೆ.

ಬಳ್ಳಾರಿ ವೈದ್ಯೆ

ಅಮ್ಮಾ, ನೀವು ಹೇಳಿದ್ದು ವೈದ್ಯರೂ ಕಲಿಯಬೇಕಾದ ಮಾತು. ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕಾಯಿಲೆಯನ್ನು ವಿವರಿಸಿ ಹೇಳಿದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ: ಜ್ವರ, ವಾಂತಿಯೊಂದಿಗೆ ಜೋರಾದ ನೋವು ಬಂದಾಗ, ನೋವು ಬಲಗಡೆ ಕೆಳಹೊಟ್ಟೆಗೆ ಸರಿದಾಗ, ಅಥವಾ ಮುಟ್ಟು ತಪ್ಪಿದವರಿಗೆ ನೋವು ಬಂದಾಗ ಹೊಟ್ಟೆ ತಿಕ್ಕಿಸಬಾರದು, ನೇರವಾಗಿ ಆಸ್ಪತ್ರೆಗೆ ಬರಬೇಕು.

ಕೊಪ್ಪಳದ ವಿದ್ಯಾರ್ಥಿನಿ

ನಾನು ಹಳ್ಳಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬಂದು ಪದವಿ ಓದುತ್ತಿದ್ದೇನೆ. ಪರೀಕ್ಷೆಯ ದಿನಗಳಲ್ಲಿ ಮತ್ತು ಮುಟ್ಟಿನ ಮೊದಲ ದಿನ ಬಸ್ಸಿನಲ್ಲಿಯೇ ಹೊಟ್ಟೆ ತಿರುಚಿದಂತಾಗುತ್ತದೆ. ನಡುದಾರಿಯಲ್ಲಿ ಇಳಿಯಲು ಆಗುವುದಿಲ್ಲ ಎಂಬ ಭಯದಿಂದ ಬೆಳಿಗ್ಗೆ ಏನನ್ನೂ ತಿನ್ನದೆ ಬರುತ್ತೇನೆ, ಮಧ್ಯಾಹ್ನ ತಲೆ ತಿರುಗುತ್ತದೆ. ಮನೆಯಲ್ಲಿ ಹೇಳಿದರೆ ಓದು ಬಿಡಿಸಿಯಾರು ಎಂಬ ಹೆದರಿಕೆ. ನನ್ನಂಥವರು ಎಲ್ಲಿಗೆ ಹೋಗಬೇಕು?

ಬಳ್ಳಾರಿ ವೈದ್ಯೆ

ಮಗಳೇ, ನಿನ್ನ ತೊಂದರೆ ಬಹಳ ಸಾಮಾನ್ಯವಾದದ್ದು ಮತ್ತು ಚಿಕಿತ್ಸೆಗೆ ಬಗ್ಗುವಂಥದ್ದು. ಓದು ಬಿಡುವ ಕಾರಣವೇ ಇಲ್ಲ. ಉಪವಾಸವಿದ್ದು ಬಸ್ಸು ಹತ್ತುವ ಬದಲು ಅರ್ಧ ಗಂಟೆ ಮೊದಲು ಎದ್ದು, ಸ್ವಲ್ಪ ತಿಂದು, ಮನೆಯಲ್ಲಿಯೇ ಶೌಚ ಮುಗಿಸಿಕೊಳ್ಳುವುದನ್ನು ರೂಢಿಸಿಕೋ. ಬಸ್ಸಿನಲ್ಲಿ ಹೊಟ್ಟೆ ತಿರುಚಿದಾಗ, ಹೊಟ್ಟೆಯ ಮೇಲೆ ಕೈಯಿಟ್ಟು, ಹೊಟ್ಟೆ ಉಬ್ಬುವಂತೆ ಮೂಗಿನಿಂದ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡು. ಹೀಗೆ ಕೆಲವು ನಿಮಿಷ ಮಾಡಿದರೆ ವೇಗಸ್ ನರದ ಮೂಲಕ ದೇಹ ಶಾಂತವಾಗುತ್ತದೆ. ದಿನವೂ ಅಭ್ಯಾಸ ಮಾಡಿದವರಿಗೆ ಬೇಕಾದಾಗ ಅದು ಒದಗುತ್ತದೆ. ಮುಟ್ಟಿನ ದಿನಗಳ ನೋವು ತಡೆಯಲಾರದಷ್ಟಿದ್ದರೆ, ಆ ದಿನಗಳಲ್ಲಿ ಮಲವಿಸರ್ಜನೆಯೂ ನೋವಾಗುತ್ತಿದ್ದರೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಸ್ತ್ರೀರೋಗ ವೈದ್ಯರಿಗೆ ತೋರಿಸಬೇಕು.

ಎಲ್ಲಿಗೆ ಹೋಗಬೇಕೆಂದು ಕೇಳಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮೊದಲು ಸಾಮಾನ್ಯ ವೈದ್ಯಕೀಯ ವಿಭಾಗಕ್ಕೆ ಹೋಗು. ಮನಸ್ಸಿನ ಭಾರವನ್ನು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿದರೆ 14416ಕ್ಕೆ ಕರೆ ಮಾಡು. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಇನ್ನೊಂದು ವಿಷಯವನ್ನು ಅಭಿಮಾನದಿಂದ ಹೇಳುತ್ತೇನೆ. ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂಥ ನೆಲದವರು ನಾವು ಮನಸ್ಸಿನ ಮಾತನ್ನು ಮುಚ್ಚಿಡಬೇಕಾಗಿಲ್ಲ.

ಮಾನ್ವಿಯ ಅಕ್ಕೋರು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಈ ಬರಹಗಳನ್ನು ನಿನ್ನೆ ರಾತ್ರಿ ಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಭಾವನವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಮಾವನವರ ರಾತ್ರಿಯ ಆರೈಕೆಯನ್ನು ತಾವು ನೋಡಿಕೊಳ್ಳುವ ಮಾತು ಆಡಿದರು. ಅಕ್ಕ ಮಾತ್ರ ಬೇರೆಯೇ ಒಂದು ವಿಷಯ ಹೇಳಿದರು: ಸೊಂಟನೋವಿಗೆಂದು ಅಂಗಡಿಯಿಂದ ತರಿಸಿದ ಗುಳಿಗೆಯನ್ನು ಅವರು ಬಹಳ ದಿನಗಳಿಂದ ನುಂಗುತ್ತಿದ್ದಾರೆ, ರಾಯಚೂರಿನ ವೈದ್ಯರು ಕೇಳದ್ದರಿಂದ ಹೇಳಿರಲಿಲ್ಲ. ವರದಿಯಲ್ಲಿ ಪೈಲೋರಿಯ ಪರೀಕ್ಷೆಯ ಉಲ್ಲೇಖವಿಲ್ಲ. ಮತ್ತೆ ಕರೆದುಕೊಂಡು ಹೋಗುವಾಗ ಏನೇನನ್ನು ಬರೆದುಕೊಂಡು ಹೋಗಬೇಕು?

ಬಳ್ಳಾರಿ ವೈದ್ಯೆ

ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್‌ಗಳನ್ನೂ ಖಾಲಿಯಾದವು ಸೇರಿದಂತೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಎಂಡೋಸ್ಕೋಪಿ ವರದಿಯನ್ನೂ ಇಟ್ಟುಕೊಳ್ಳಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಊಟದ ಹೊತ್ತು, ನೋವಿನ ಹೊತ್ತು, ಮಲ ಗಟ್ಟಿಯೋ ತೆಳುವೋ, ಮುಟ್ಟಿನ ದಿನ, ನಿದ್ದೆ ಬಂದಿತೋ ಇಲ್ಲವೋ, ಅಂದು ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಅಕ್ಕನವರೇ ಬರೆಯಲಿ ಅಥವಾ ಅವರು ಹೇಳಿದ್ದನ್ನು ನೀವು ಬರೆಯಿರಿ. ಸೊಂಟನೋವಿನ ಗುಳಿಗೆಯನ್ನು ಇಂದಿನಿಂದಲೇ ನಿಲ್ಲಿಸಿ, ಬೇರೆ ಉಪಾಯ ಏನೆಂದು ವೈದ್ಯರನ್ನು ಕೇಳಿ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಅಂಟುಮಲ, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ನೋವು, ನಿಲ್ಲದ ವಾಂತಿ, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ಎರಡು ವಾರ ಕಾಯಬೇಡಿ. ಈ ಚರ್ಚೆಯನ್ನು ಓದುತ್ತಿರುವ ಐವತ್ತರ ಆಸುಪಾಸಿನ ತಾಯಂದಿರಿಗೂ ಒಂದು ಮಾತು: ಮೊದಲೆಂದೂ ಇಲ್ಲದ ಉಬ್ಬರ ಹೊಸದಾಗಿ ಆರಂಭವಾಗಿ ದಿನವೂ ಇರುತ್ತಿದ್ದರೆ ಅಂಡಾಶಯದ ಪರೀಕ್ಷೆ ಮಾಡಿಸಲೇಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಮೇಲುಹೊಟ್ಟೆಯಲ್ಲಿ ಸಂಕಟವಾಗಿ ಬೆವರು, ಏದುಸಿರು ಬರುತ್ತಿದ್ದರೆ, ವಿಶೇಷವಾಗಿ ಸಕ್ಕರೆ ಕಾಯಿಲೆ ಇರುವವರಿಗೆ, ಅದು ಗ್ಯಾಸ್ ಅಲ್ಲ, ಹೃದಯದ ಸೂಚನೆಯಾಗಿರಬಹುದು. ಸೋಡಾ ಕುಡಿದು ನೋಡೋಣ ಎನ್ನದೆ ಅದೇ ಗಳಿಗೆಯಲ್ಲಿ ಹೊರಟು ಇಸಿಜಿ ಮಾಡಿಸಿರಿ.

ಸಿಂಧನೂರು ಔಷಧ ಅಂಗಡಿ

ಡಾಕ್ಟರಮ್ಮನವರು ಒಪ್ಪಿದರೆ ಈ ಕೊನೆಯ ಬರಹವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ನನ್ನ ಅಂಗಡಿಯಲ್ಲಿ ಗ್ಯಾಸಿನ ಗುಳಿಗೆಗಳ ಕಪಾಟಿನ ಮೇಲೆಯೇ ಅಂಟಿಸುತ್ತೇನೆ. ಓದಲು ಬಾರದವರಿಗೆ ಗುಳಿಗೆ ಕೊಡುವಾಗ ನಾನೇ ಓದಿ ಹೇಳುತ್ತೇನೆ.

ಬಳ್ಳಾರಿ ವೈದ್ಯೆ

ಅವಶ್ಯವಾಗಿ ಅಂಟಿಸಿ, ಅಣ್ಣಾ. ಕೆಳಗೆ 14416 ಸಂಖ್ಯೆಯನ್ನೂ ಬರೆಯಿರಿ.